ಅರ್ಧ ಮೈದಾನ ಬಿಟ್ಟುಕೊಡುವ ಉಪಾಯ: ಅಲ್ಟಿಮೇಟ್ ಫ್ರಿಸ್ಬಿಯ ತಂತ್ರಗಳು ಬೆಳೆದ ಬಗೆ

ಅಲ್ಟಿಮೇಟ್ ಫ್ರಿಸ್ಬಿ ಹುಟ್ಟಿದ್ದು 1968ರಲ್ಲಿ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಮೇಪಲ್‌ವುಡ್ ಊರಿನ ಕೊಲಂಬಿಯಾ ಹೈಸ್ಕೂಲಿನಲ್ಲಿ. ಮುಂದೆ ಹಾಲಿವುಡ್ ನಿರ್ಮಾಪಕನಾಗಿ ಹೆಸರಾದ ಜೋಯಲ್ ಸಿಲ್ವರ್ ಆಗ ಅಲ್ಲಿ ವಿದ್ಯಾರ್ಥಿ. ಬೇಸಿಗೆ ಶಿಬಿರವೊಂದರಲ್ಲಿ ಕಂಡು ಕಲಿತ ಡಿಸ್ಕ್ ಆಟವನ್ನು ಅವನು ಶಾಲೆಗೆ ತಂದ. ಆರಂಭದಲ್ಲಿ ಅದಕ್ಕೆ ಗಟ್ಟಿಯಾದ ಆಕಾರವೇ ಇರಲಿಲ್ಲ. ಒಂದೊಂದು ಪಕ್ಷದಲ್ಲಿ 20–30 ಮಂದಿ ಇಳಿಯುವುದೂ ಇತ್ತು. ಡಿಸ್ಕ್ ಹಿಡಿದು ಓಡುವುದಕ್ಕೂ ತಡೆಯಿರಲಿಲ್ಲ. ಸಿಲ್ವರ್, ಬಜ್ಜಿ ಹೆಲ್ರಿಂಗ್ ಮತ್ತು ಜಾನ್ ಹೈನ್ಸ್ ಸೇರಿ ನಿಯಮಗಳನ್ನು ತಿದ್ದಿ, 1970ರ ಹೊತ್ತಿಗೆ ಬರೆದಿಟ್ಟರು. ಅದೇ ವರ್ಷ ಕೊಲಂಬಿಯಾ ಶಾಲೆ ನೆರೆಯ ಮಿಲ್‌ಬರ್ನ್ ಶಾಲೆಯನ್ನು 43–10ರಿಂದ ಸೋಲಿಸಿತು. 1972ರ ನವೆಂಬರ್ 6ರಂದು ನಡೆದ ಮೊದಲ ಅಂತರಕಾಲೇಜು ಪಂದ್ಯದಲ್ಲಿ ರಟ್ಗರ್ಸ್ ತಂಡ ಪ್ರಿನ್ಸ್‌ಟನ್ನನ್ನು 29–27ರಿಂದ ಗೆದ್ದಿತು.

ತಂತ್ರಗಳು ಬೆಳೆದದ್ದು ಈ ನಿಯಮಗಳ ಒತ್ತಡದಿಂದಲೇ. ಡಿಸ್ಕ್ ಹಿಡಿದವರು ಓಡುವಂತಿಲ್ಲ. ಒಂದು ಕಾಲನ್ನು ಊರಿ, ಇನ್ನೊಂದನ್ನು ಮಾತ್ರ ಅತ್ತಿತ್ತ ಇಡಬಹುದು. ಎದುರು ನಿಂತ ರಕ್ಷಕ ಗಟ್ಟಿಯಾಗಿ ಎಣಿಸುತ್ತಾನೆ. ಹತ್ತು ಹೇಳುವಷ್ಟರಲ್ಲಿ ಡಿಸ್ಕ್ ಕೈಬಿಡದಿದ್ದರೆ ಅದು ಎದುರಾಳಿಯ ಪಾಲು. ಹಿಂದೆ ಈ ಎಣಿಕೆ 15ರವರೆಗೆ ಇತ್ತು. ಅದನ್ನು ಇಳಿಸಿದ್ದರಿಂದ ದಾಳಿಯವರಿಗೆ ಯೋಚಿಸುವ ಸಮಯ ಕಡಿಮೆಯಾಗಿ, ಮುಂಚಿತವಾಗಿಯೇ ಯೋಜನೆ ಹಾಕಿಕೊಳ್ಳುವುದು ಅನಿವಾರ್ಯವಾಯಿತು. ಮೈ ತಾಗಿಸುವಂತಿಲ್ಲ. ಬಾಸ್ಕೆಟ್‌ಬಾಲ್‌ನಂತೆ ಜೊತೆಗಾರನಿಗಾಗಿ ರಕ್ಷಕನ ದಾರಿಗೆ ಅಡ್ಡ ನಿಲ್ಲುವುದೂ ನಿಷಿದ್ಧ. ಹೀಗಾಗಿ ಬೇರೆ ಆಟಗಳಿಂದ ಎರವಲು ತಂದ ಉಪಾಯಗಳೆಲ್ಲ ಇಲ್ಲಿ ಹಾಗೆಯೇ ನಡೆಯಲಿಲ್ಲ. ಖಾಲಿ ಜಾಗವನ್ನು ಹುಟ್ಟಿಸುವುದು, ಅದನ್ನು ಮುಚ್ಚುವುದು — ಎರಡೂ ಪಕ್ಷಗಳ ಕೆಲಸ ಇಷ್ಟಕ್ಕೆ ಬಂದು ನಿಂತಿತು.

ಮೊದಲ ರಕ್ಷಣಾ ಕ್ರಮ ಎಲ್ಲರಿಗೂ ಹೊಳೆಯುವಂಥದ್ದು: ಒಬ್ಬರಿಗೆ ಒಬ್ಬರು. ಎಸೆಯುವವನ ಮುಂದೆ ರಕ್ಷಕ ನೇರವಾಗಿ ನಿಂತು ಎರಡೂ ಕಡೆ ಕೈ ಚಾಚುತ್ತಿದ್ದ. ಆದರೆ ಎಸೆಯುವವನು ಊರುಗಾಲಿನ ಮೇಲೆ ತಿರುಗಿ, ಒಂದು ಪಕ್ಕದಿಂದ ಬ್ಯಾಕ್‌ಹ್ಯಾಂಡ್, ಇನ್ನೊಂದು ಪಕ್ಕದಿಂದ ಫೋರ್‌ಹ್ಯಾಂಡ್ ಎಸೆಯಬಲ್ಲ. ಒಬ್ಬನೇ ರಕ್ಷಕ ಎರಡನ್ನೂ ತಡೆಯಲಾರ. ಈ ಸೋಲನ್ನು ಒಪ್ಪಿಕೊಂಡದ್ದೇ ಈ ಆಟದ ಅತಿ ದೊಡ್ಡ ರಕ್ಷಣಾ ಆವಿಷ್ಕಾರ ಎನ್ನಬೇಕು. ರಕ್ಷಕ ಒಂದು ಪಕ್ಕಕ್ಕೆ ಸರಿದು ನಿಂತು ಆ ಕಡೆಯನ್ನು ಪೂರ್ತಿ ಕಟ್ಟುತ್ತಾನೆ, ಇನ್ನೊಂದು ಕಡೆಯನ್ನು ಬೇಕೆಂದೇ ತೆರೆದಿಡುತ್ತಾನೆ. ಇದಕ್ಕೆ ‘ಫೋರ್ಸ್’ ಎಂದು ಹೆಸರು. ಡಿಸ್ಕ್ ಯಾವ ಕಡೆಯಿಂದ ಹೊರಡುತ್ತದೆ ಎಂಬುದು ಏಳು ಜನರ ತಂಡದ ಉಳಿದ ಆರೂ ರಕ್ಷಕರಿಗೆ ಮೊದಲೇ ಗೊತ್ತಿರುವುದರಿಂದ ಅವರೆಲ್ಲ ತಮ್ಮ ತಮ್ಮ ಎದುರಾಳಿಯ ಆ ಮಗ್ಗುಲಲ್ಲೇ ನಿಲ್ಲುತ್ತಾರೆ. ಬಿಟ್ಟುಕೊಟ್ಟ ಅರ್ಧ ಮೈದಾನವನ್ನು ಆರು ಜನ ಕಾಯುತ್ತಾರೆ. ಕಟ್ಟಿಹಾಕಿದ ಅರ್ಧಕ್ಕೆ ಒಬ್ಬನೇ ಕಾವಲು. ಆ ಒಬ್ಬ ಮೋಸಹೋದರೆ, ಅಂದರೆ ಕಟ್ಟಿದ ಕಡೆಗೇ ಡಿಸ್ಕ್ ನುಸುಳಿದರೆ, ಇಡೀ ವ್ಯವಸ್ಥೆ ಒಮ್ಮೆಗೇ ಕುಸಿಯುತ್ತದೆ. ಆದ್ದರಿಂದ ಆ ಕಡೆಗೆ ಎಸೆಯಬಲ್ಲ ಆಟಗಾರರಿಗೆ ಎಲ್ಲ ಕಾಲದಲ್ಲೂ ಬೆಲೆ.

ದಾಳಿಯ ಕಡೆಯಿಂದ ಬಂದ ಹಳೆಯ ಉತ್ತರ ಲಂಬ ಸ್ಟ್ಯಾಕ್. ಆಟಗಾರರು ಮೈದಾನದ ನಡುವೆ, ಡಿಸ್ಕಿನ ಮುಂದೆ, ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತು ಎರಡೂ ಬದಿಯ ಓಣಿಗಳನ್ನು ಖಾಲಿ ಬಿಡುತ್ತಾರೆ. ಸಾಲಿನಿಂದ ಒಬ್ಬನು ತಟ್ಟನೆ ಓಣಿಗೆ ನುಗ್ಗುತ್ತಾನೆ. ಡಿಸ್ಕ್ ಸಿಗದಿದ್ದರೆ ಜಾಗ ಖಾಲಿ ಮಾಡಿ ಮತ್ತೆ ಸಾಲಿಗೆ ಸೇರುತ್ತಾನೆ, ಇನ್ನೊಬ್ಬ ಹೊರಡುತ್ತಾನೆ. ಓಡಿದಷ್ಟೇ ಮುಖ್ಯ, ಓಡಿದ ಜಾಗವನ್ನು ಮುಂದಿನವನಿಗೆ ತೆರವು ಮಾಡುವುದು. ಹೊಸ ತಂಡಗಳು ಕಲಿಯಲು ತಿಣುಕುವುದೂ ಇದನ್ನೇ. ಕ್ರಮೇಣ ಕೆಲಸವೂ ಹಂಚಿಹೋಯಿತು: ಡಿಸ್ಕ್ ನಿಭಾಯಿಸುವವರು ಹ್ಯಾಂಡ್ಲರ್‌ಗಳು, ನುಗ್ಗಿ ಹಿಡಿಯುವವರು ಕಟ್ಟರ್‌ಗಳು. ಮುಂದೆ ದಾರಿ ಕಾಣದಿದ್ದರೆ ಹಿಂದಿರುವ ಹ್ಯಾಂಡ್ಲರಿಗೆ ಡಿಸ್ಕ್ ಕೊಟ್ಟು, ಅಲ್ಲಿಂದ ಮೈದಾನದ ಆಚೆ ಬದಿಗೆ ದಾಟಿಸುವ ‘ಸ್ವಿಂಗ್’ ರೂಢಿಗೆ ಬಂತು. ಫೋರ್ಸ್ ಕಟ್ಟಿಟ್ಟ ಕಡೆಯನ್ನು ಸುತ್ತುಬಳಸಿ ತಲುಪುವ ದಾರಿ ಇದು.

ಬಿಗಿಯಾದ ರಕ್ಷಣೆ ಮತ್ತು ತಾಳ್ಮೆಯ ದಾಳಿಯ ಹಣಾಹಣಿ ಅಮೆರಿಕದ ಕ್ಲಬ್ ಆಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1989ರಿಂದ 1993ರವರೆಗೆ ಸತತ ಐದು ರಾಷ್ಟ್ರೀಯ ಪ್ರಶಸ್ತಿ ಗೆದ್ದ ನ್ಯೂಯಾರ್ಕ್ ತಂಡ, ಉಸಿರಾಡಲು ಬಿಡದ ಒಬ್ಬರಿಗೊಬ್ಬರ ರಕ್ಷಣೆಗೆ ಹೆಸರಾಗಿತ್ತು. ಆ ಸರಣಿಯನ್ನು ಮುರಿದು 1994ರಿಂದ 1999ರವರೆಗೆ ಆರು ಬಾರಿ ಗೆದ್ದ ಬಾಸ್ಟನ್ನಿನ ‘ಡೆತ್ ಆರ್ ಗ್ಲೋರಿ’ ನಂಬಿದ್ದು, ಡಿಸ್ಕ್ ಕಳೆದುಕೊಳ್ಳದ ತಾಳ್ಮೆಯ ದಾಳಿಯನ್ನು. ಅದೇ ತಂಡದ ಜೇಮ್ಸ್ ಪರಿನೆಲ್ಲಾ, ಎರಿಕ್ ಝಾಸ್ಲೋ ಜೊತೆ ಬರೆದ ಪುಸ್ತಕ 2004ರಲ್ಲಿ ಪ್ರಕಟವಾಗಿ, ಅಲ್ಲಿಯವರೆಗೆ ಬಾಯಿಂದ ಬಾಯಿಗೆ ಹರಡುತ್ತಿದ್ದ ತಂತ್ರಗಳ ತಿಳಿವಳಿಕೆಗೆ ಪಠ್ಯದ ರೂಪ ಕೊಟ್ಟಿತು.

2000ದ ಆಸುಪಾಸಿನಲ್ಲಿ ಅಡ್ಡ ಸ್ಟ್ಯಾಕ್ ಮೇಲುಗೈ ಪಡೆಯಿತು. ಮೂವರು ಹ್ಯಾಂಡ್ಲರ್‌ಗಳು ಹಿಂದೆ, ನಾಲ್ವರು ಕಟ್ಟರ್‌ಗಳು ಮೈದಾನದ ಅಗಲಕ್ಕೂ ಹರಡಿ ಮುಂದೆ. ಹಿಂದೆಯೂ ಮುಂದೆಯೂ ಬಯಲು ತೆರೆದಿರುವುದರಿಂದ, ಕಟ್ಟರ್ ಡಿಸ್ಕಿನತ್ತ ಬರುತ್ತಾನೋ ಅಂಕ ಗಳಿಸುವ ತುದಿಯ ಎಂಡ್ ಝೋನಿನತ್ತ ಓಡುತ್ತಾನೋ ಎಂದು ರಕ್ಷಕನಿಗೆ ತಿಳಿಯದು. ಉದ್ದದ ಎಸೆತ ಬಲ್ಲ ತಂಡಗಳಿಗೆ ಇದು ಬಹಳ ಒಗ್ಗಿತು.

ಗಾಳಿ ಬೀಸಿದ ದಿನ ಲೆಕ್ಕಾಚಾರವೇ ಬೇರೆ. 175 ಗ್ರಾಂ ತೂಕದ ಡಿಸ್ಕ್ ತಿರುಗುತ್ತಾ ತೇಲುತ್ತದೆ. ಎದುರುಗಾಳಿಗೆ ಸಿಕ್ಕರೆ ಮೇಲೇರಿ ನಿಂತುಬಿಡುತ್ತದೆ. ಝೋನ್ ರಕ್ಷಣೆ ಬಲ ಪಡೆದದ್ದು ಇಂಥ ದಿನಗಳಿಂದ. ಅದರಲ್ಲಿ ರಕ್ಷಕರು ಕಾಯುವುದು ವ್ಯಕ್ತಿಯನ್ನಲ್ಲ, ಜಾಗವನ್ನು. ಸಾಂಪ್ರದಾಯಿಕ ರೂಪದಲ್ಲಿ ಮೂವರು ಡಿಸ್ಕಿನ ಸುತ್ತ ‘ಕಪ್’ ಕಟ್ಟುತ್ತಾರೆ. ಎಣಿಸುವವನ ಹೊರತು ಬೇರೆ ರಕ್ಷಕ, ತಾನು ಕಾಯಬೇಕಾದ ಎದುರಾಳಿ ಹತ್ತಿರವಿಲ್ಲದಿದ್ದರೆ, ಎಸೆಯುವವನ 3 ಮೀಟರ್ ಒಳಗೆ ಬರುವಂತಿಲ್ಲ. ಕಪ್ಪಿನ ಅಳತೆ ಆ ನಿಯಮದಿಂದಲೇ ಬಂದದ್ದು. ಉಳಿದವರು ಬದಿಗಳನ್ನೂ ಆಳವನ್ನೂ ನೋಡಿಕೊಳ್ಳುತ್ತಾರೆ. ಇದನ್ನು ಒಡೆಯಲು ದಾಳಿಯವರು ಎಡೆಬಿಡದೆ ಸ್ವಿಂಗ್ ಮಾಡಿ ಕಪ್ಪನ್ನು ಓಡಿಸಿ ದಣಿಸುತ್ತಾರೆ, ಇಲ್ಲವೇ ಡಿಸ್ಕನ್ನು ತಲೆಯ ಮೇಲಿಂದ ಮಗುಚಿ ಎಸೆಯುವ ‘ಹ್ಯಾಮರ್’ ಬಳಸುತ್ತಾರೆ.

ಈಚಿನ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ‘ಹೆಕ್ಸ್’ ದಾಳಿ ಸಾಲನ್ನೇ ಕೈಬಿಟ್ಟಿತು: ಆರು ಮಂದಿ ಷಟ್ಕೋನದ ಮೂಲೆಗಳಲ್ಲಿ, ಒಬ್ಬ ನಡುವೆ. ಹ್ಯಾಂಡ್ಲರ್, ಕಟ್ಟರ್ ಎಂಬ ಭೇದ ಅದರಲ್ಲಿ ಮಸುಕಾಗುತ್ತದೆ. ಇನ್ನು ತಂಡದ ಸ್ವರೂಪದ ಮಾತಿಗೆ ಬಂದರೆ, 2001ರಲ್ಲಿ ಜಪಾನಿನ ಅಕಿಟಾದಲ್ಲಿ ನಡೆದ ವರ್ಲ್ಡ್ ಗೇಮ್ಸ್‌ನಲ್ಲಿ ಹೆಣ್ಣು ಗಂಡು ಕೂಡಿ ಆಡುವ ಮಿಶ್ರ ತಂಡಗಳೇ ಪದಕಕ್ಕೆ ಸೆಣಸಿದವು. ಭಾರತದಲ್ಲಿಯೂ ಬೇರುಬಿಟ್ಟದ್ದು ಮುಖ್ಯವಾಗಿ ಈ ಮಿಶ್ರ ಆಟವೇ. ಚೆನ್ನೈನ ಕಡಲ ಮರಳಿನಲ್ಲೂ ಬೆಂಗಳೂರಿನ ಮೈದಾನಗಳಲ್ಲೂ ತಂಡಗಳು ಬೆಳೆದಿವೆ. ಮರಳಿನ ಆಟದಲ್ಲಿ ಪಕ್ಷಕ್ಕೆ ಐವರೇ ಇರುವುದರಿಂದ ಏಳು ಜನರ ಸ್ಟ್ಯಾಕ್ ಅಲ್ಲಿ ಹಾಗೆಯೇ ಸಲ್ಲದು. ಇಬ್ಬರು ಹ್ಯಾಂಡ್ಲರ್‌ಗಳು, ಮೂವರು ಕಟ್ಟರ್‌ಗಳು ಅಲ್ಲಿ ಕಾಣುವ ಸಾಮಾನ್ಯ ಹಂಚಿಕೆ. ಹೂತುಹೋಗುವ ಕಾಲಿನಲ್ಲಿ ದೂರ ಓಡುವುದು ಕಷ್ಟವಾದ್ದರಿಂದ ಚಿಕ್ಕ, ಚುರುಕು ಎಸೆತಗಳದ್ದೇ ಅಲ್ಲಿ ಮೇಲುಗೈ.