ತುಕ್ಕಿಗೆ ತುಕ್ಕೇ ಕಾವಲು

ಹಿರಿಯರ ಕಾಲದ ಕೋವಿಯೊಂದು ಮನೆಯಲ್ಲಿದ್ದರೆ ಅದನ್ನು ಉಜ್ಜಿ ಹೊಸದರಂತೆ ಮಾಡುವ ಆಸೆ ಸಹಜ. ಬಹುಕಾಲ ಬಾಳುವ ಲೇಪ ಯಾವುದು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟುತ್ತದೆ. ಆದರೆ ಕೋವಿಯ ಮೈಬಣ್ಣಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

18ನೆಯ ಶತಮಾನದ ಬ್ರಿಟಿಷ್ ಸೈನಿಕರ ಮಸ್ಕೆಟ್‌ಗೆ 'ಬ್ರೌನ್ ಬೆಸ್' ಎಂಬ ಹೆಸರಿದ್ದರೂ ಅದರ ನಳಿಗೆ ಕಂದಾಗಿರಲಿಲ್ಲ. ಇಟ್ಟಿಗೆ ಪುಡಿಯಿಂದ ತಿಕ್ಕಿ ಅದನ್ನು ಬೆಳ್ಳಿಯಂತೆ ಹೊಳೆಯಿಸುತ್ತಿದ್ದರು. ಕವಾಯತಿಗೆ ಅದು ಚೆಂದ. ಆದರೆ ತಿಕ್ಕಿದಷ್ಟೂ ಕಬ್ಬಿಣ ಸವೆಯುತ್ತಿತ್ತು, ಬಿಸಿಲಿಗೆ ಹೊಳೆದು ವೈರಿಗೆ ಸುಳಿವೂ ಕೊಡುತ್ತಿತ್ತು. 1800ರ ಸುಮಾರಿಗೆ ಬಂದ ಬೇಕರ್ ರೈಫಲ್‌ನ ನಳಿಗೆ ನಿಜವಾಗಿಯೂ ಕಂದಾಗಿತ್ತು.

ಆ ಕಂದು ಬಳಿದ ಬಣ್ಣವಲ್ಲ, ಬೇಕೆಂದೇ ಬರಿಸಿದ ತುಕ್ಕು. ಜಿಡ್ಡು ತೆಗೆದ ನಳಿಗೆಗೆ ಆಮ್ಲ ಮತ್ತು ಲವಣದ ದ್ರಾವಣವನ್ನು ತೆಳುವಾಗಿ ಸವರಿ ತೇವದಲ್ಲಿ ಇಡುತ್ತಾರೆ. ಸಡಿಲವಾದ ತುಕ್ಕನ್ನು ಕೆರೆದು ಮತ್ತೆ ಸವರುತ್ತಾರೆ. ಹೀಗೆ ಹಲವು ದಿನ. ಕೊನೆಗೆ ಉಳಿಯುವ ಬಿಗಿಯಾದ ಪದರ ಎಣ್ಣೆಯನ್ನು ಹಿಡಿದಿಟ್ಟುಕೊಂಡು ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಪ್ರತಿ ಸುತ್ತಿನಲ್ಲೂ ಕುದಿಯುವ ನೀರಿನಲ್ಲಿ ಅದ್ದಿದರೆ ಕೆಂಪು ತುಕ್ಕು ಮ್ಯಾಗ್ನೆಟೈಟ್ ಆಗಿ ಕಪ್ಪು ನೀಲಿಗೆ ತಿರುಗುತ್ತದೆ.

20ನೆಯ ಶತಮಾನದ ಕಾರ್ಖಾನೆಗಳಿಗೆ ಇಷ್ಟು ತಾಳ್ಮೆ ಇರಲಿಲ್ಲ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ಬಿಸಿ ದ್ರಾವಣದಲ್ಲಿ ಅದ್ದಿ ಕೆಲವೇ ನಿಮಿಷಗಳಲ್ಲಿ ಕಪ್ಪಾಗಿಸುವ ವಿಧಾನ ಬಂತು. ಹಳೆಯ ಜೋಡುನಳಿಗೆಗೆ ಇದು ಮೃತ್ಯು: ಎರಡು ನಳಿಗೆಗಳನ್ನು ಕೂಡಿಸಿದ ಸೀಸದ ಬೆಸುಗೆಯನ್ನೇ ಆ ದ್ರಾವಣ ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ 'ತಣ್ಣನೆಯ' ನೀಲಿ ದ್ರಾವಣ ಸುಲಭ, ಆದರೆ ಆ ಪದರ ತೆಳು, ಬೇಗ ಸವೆಯುತ್ತದೆ. ಮನೆಯಲ್ಲೇ ಮಾಡುವವರಿಗೆ ಬಾಳಿಕೆ ಮುಖ್ಯವಾದರೆ ಹಳೆಯ ನಿಧಾನದ ತುಕ್ಕೇ ಮೇಲು.

ಆದರೆ ಹೊಸ ಪದರ ಹಿಡಿಯಬೇಕಾದರೆ ಹಳೆಯದನ್ನು ಉಜ್ಜಿ ತೆಗೆಯಬೇಕು. ಅದರೊಂದಿಗೆ ಏನೇನು ಹೋಗುತ್ತದೆ? ಟಿಪ್ಪುವಿನ ಕಾಲದ ಮೈಸೂರು ಕೋವಿಗಳನ್ನು ನೋಡಿ. ಅವುಗಳ ಮೇಲಿನ ಹುಲಿಪಟ್ಟೆಯ ಗುರುತು, ಮೌಲೂದಿ ಶಕದ ವರ್ಷ, ತಯಾರಾದ ಊರಿನ ಹೆಸರು ಇವೇ ನಮಗೆ ದಾಖಲೆ. ಉಪ್ಪುಕಾಗದದ ಹತ್ತು ಎಳೆತ ಸಾಕು, ಅಂಥದೊಂದು ದಾಖಲೆ ಓದಲಾಗದಂತಾಗುತ್ತದೆ. ಶಾಸನದ ಕಲ್ಲನ್ನು ಯಾರೂ ಹೊಳಪಿಗಾಗಿ ಉಜ್ಜುವುದಿಲ್ಲ.

ಕೊಡಗಿನಲ್ಲಿ ಕೋವಿ ಇಂದಿಗೂ ಬದುಕಿನ ಭಾಗ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿಗೆ ಎರಡು. ನಾಟಿ ಮುಗಿದ ಮೇಲೆ, ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಕೋವಿಯನ್ನು ಶುಚಿಗೊಳಿಸಿ, ತೋಕ್ ಪೂ ಮುಡಿಸಿ ಪೂಜಿಸುತ್ತಾರೆ. ವರ್ಷಕ್ಕೊಮ್ಮೆ ತಪ್ಪದೆ ಕೈಗೆತ್ತಿಕೊಂಡು ಒರೆಸುವ ಈ ವಾಡಿಕೆ ಒಮ್ಮೆ ಹಚ್ಚಿ ಮರೆಯುವ ಲೇಪಕ್ಕಿಂತ ದೊಡ್ಡ ರಕ್ಷಣೆ.

ಹಾಗಾಗಿ ಹಳೆಯ ಕೋವಿಗೆ ನನ್ನ ಉತ್ತರ ಸರಳ. ಮೊದಲು ಅದು ಖಾಲಿಯಿದೆಯೇ ಎಂದು ತಿಳಿದವರಿಂದ ಪರೀಕ್ಷಿಸಿ. ಮದ್ದು ತುಂಬಿದಂತೆಯೇ ಮೂಲೆ ಸೇರಿದ ಕೋವಿಗಳು ಎಷ್ಟೋ ಇವೆ. ಬಳಿಕ ಮೆತ್ತನೆಯ ಬಟ್ಟೆಯಿಂದ ತೆಳು ಎಣ್ಣೆ, ಅದನ್ನು ಪೂರ್ತಿ ಒರೆಸಿದ ಮೇಲೆ ವಸ್ತುಸಂಗ್ರಹಾಲಯಗಳು ಬಳಸುವಂಥ ಮೈಕ್ರೊಕ್ರಿಸ್ಟಲೈನ್ ಮೇಣ. ಮರಕ್ಕೆ ಬೇಕಿದ್ದರೆ ಒಂದೆರಡು ಹನಿ ಅಗಸೆ ಎಣ್ಣೆ. ಆ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಮೂಲ ಬಣ್ಣದ ಕುರುಹೂ ಉಳಿಯದೆ ಬರೀ ಕಬ್ಬಿಣವಾಗಿದ್ದರೆ, ಯಾವ ಗುರುತೂ ಇಲ್ಲವೆಂದು ಖಚಿತವಾದರೆ ಮಾತ್ರ ನಿಧಾನದ ತುಕ್ಕಿನ ದಾರಿ ಹಿಡಿಯಬಹುದು. ಬಣ್ಣವನ್ನು ಯಾವಾಗ ಬೇಕಾದರೂ ಬರಿಸಬಹುದು. ಉಜ್ಜಿ ಹೋದ ಅಕ್ಷರ ಮರಳುವುದಿಲ್ಲ.