ಎರಡು ವಿಮಾನ ನಿಲ್ದಾಣಗಳ ನಡುವೆ ಲೇಪಾಕ್ಷಿ

ಪುಟ್ಟಪರ್ತಿಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೆಟ್ಟಗೆ ಗೆರೆ ಎಳೆದರೆ ಸುಮಾರು 106 ಕಿಲೋಮೀಟರ್. ಮಕ್ಕಳ ಕೈಗೆ ಅಟ್ಲಾಸು, ಅಡಿಕೋಲು ಕೊಟ್ಟರೆ ಅವರೇ ಅಳೆದು ಹೇಳುತ್ತಾರೆ. ಗಂಟೆಗೆ 500 ಕಿಲೋಮೀಟರ್ ಹಾರುವ ಸಣ್ಣ ವಿಮಾನಕ್ಕೆ ಇದು 13 ನಿಮಿಷದ ದಾರಿ. ಇದು ಕಾಗದದ ಲೆಕ್ಕ. ಏರೋದು, ಸುತ್ತೋದು, ಇಳಿಯೋದು ಸೇರಿದರೆ ಅರ್ಧ ಗಂಟೆ ಆಗೇ ಆಗುತ್ತೆ. ಒಂದು ಗಂಟೆ ಮೊದಲೇ ಹೋಗಿ ಕೂರಬೇಕು, ಅದು ಬೇರೆ. ಅಷ್ಟರಲ್ಲಿ ಕಾರಲ್ಲಿ ಹೊರಟವನು ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿ ಬಾಗೇಪಲ್ಲಿ ಹಾದಿಯಲ್ಲಿರುತ್ತಾನೆ.

ಲೇಪಾಕ್ಷಿ ಈ ಎರಡರ ನಡುವೆ ಇದೆ. ನೆಟ್ಟಗೆ ಅಳೆದರೆ ಪುಟ್ಟಪರ್ತಿ ನಿಲ್ದಾಣ 43 ಕಿಲೋಮೀಟರ್, ದೇವನಹಳ್ಳಿ 67. ಹತ್ತಿರದ್ದು ಪುಟ್ಟಪರ್ತಿಯೇ. ಆದರೂ ನಮ್ಮವರು ವಿಮಾನ ಹತ್ತೋದು ದೇವನಹಳ್ಳಿಯಲ್ಲಿ.

ಪುಟ್ಟಪರ್ತಿಯ ನಿಲ್ದಾಣ ಶುರುವಾದದ್ದು 1990ರ ನವೆಂಬರಿನಲ್ಲಿ, ಸತ್ಯಸಾಯಿ ಬಾಬಾ ಅವರ ದರ್ಶನಕ್ಕೆ ಬರುವ ಭಕ್ತರಿಗಾಗಿ. ಓಡುದಾರಿ ಎರಡು ಕಿಲೋಮೀಟರಿಗೂ ಉದ್ದ. ಟಿಕೆಟ್ ಕೊಂಡು ಹತ್ತುವ ವಿಮಾನಗಳು ಕೆಲವು ಕಾಲ ಬಂದವು, ಆಮೇಲೆ ನಿಂತವು. ದೇವನಹಳ್ಳಿಯದು ತೆರೆದದ್ದು 2008ರ ಮೇ 24ರಂದು. ಅದಕ್ಕೆ ಮುಂಚೆ ಎಚ್‌ಎಎಲ್ ನಿಲ್ದಾಣಕ್ಕೆ ಹೋಗಬೇಕಿತ್ತು. ಬೆಂಗಳೂರು ಊರೊಳಗಿನ ಆ ಗಾಡಿಗಳ ಸಂದಣಿ ಕಂಡವರಿಗೇ ಗೊತ್ತು.

ಇಲ್ಲಿ ಒಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. 2004ರಲ್ಲಿ ಕೇಂದ್ರ ಸರ್ಕಾರ ಬೆಂಗಳೂರು ನಿಲ್ದಾಣದ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಒಂದು ಷರತ್ತಿದೆ. ಹೊಸ ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅದರ 150 ಕಿಲೋಮೀಟರ್ ವೈಮಾನಿಕ ದೂರದೊಳಗೆ ಇನ್ನೊಂದು ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಅನುಮತಿ ಇಲ್ಲ. ವಿನಾಯಿತಿ ಮೈಸೂರಿಗೆ, ಹಾಸನಕ್ಕೆ ಮಾತ್ರ. 106 ಅನ್ನೋದು 150ರೊಳಗೇ ಬಂತಲ್ಲ! ರಾಜ್ಯ ಬೇರೆಯಾದರೂ ಆ ಗೆರೆ ನಮ್ಮನ್ನು ಬಿಡಲಿಲ್ಲ.

ನೆಲದ ಮೇಲೂ ಗೆರೆ ಬಿತ್ತು. ದೇವನಹಳ್ಳಿ ನಿಲ್ದಾಣ ತೆರೆದ ಹೊತ್ತಿನಲ್ಲೇ, ಅದು ಹತ್ತಿರವಿದೆ ಅನ್ನೋದನ್ನೇ ಮುಂದಿಟ್ಟು 'ಲೇಪಾಕ್ಷಿ ನಾಲೆಡ್ಜ್ ಹಬ್' ಯೋಜನೆ ಬಂತು. ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ 8,844 ಎಕರೆ ಅದಕ್ಕೆ ಹೋಯಿತು. ಕಡಲೆಕಾಯಿ ಬೆಳೆಯೋ ಸೀಮೆಯ ನೆಲ.

ನಮ್ಮ ವೀರಭದ್ರ ದೇವಸ್ಥಾನದ ಗೋಡೆಗಳ ಮೇಲೆ ಅಚ್ಯುತರಾಯನ ಕಾಲದ ಕನ್ನಡ ಶಾಸನಗಳಿವೆ. ದೇವರ ಸೇವೆಗೆ ಯಾರು ಯಾವ ಊರು, ಯಾವ ಭೂಮಿ ಕೊಟ್ಟರು ಅಂತ ಕಲ್ಲಲ್ಲಿ ಬರೆಸಿದ್ದಾರೆ. ಅಲ್ಲಿನ ಅಕ್ಷರ ಈಗಲೂ ನಿಂತಿದೆ, ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಹಬ್ ಮಾತ್ರ ಎದ್ದು ನಿಲ್ಲಲಿಲ್ಲ. ಒಪ್ಪಂದದ 25 ವರ್ಷ ಮುಗಿಯೋದು 2033ರ ಮೇ ತಿಂಗಳಿಗೆ.