ಅಂಗಡಿ ಅಲ್ಲೇ ಇತ್ತು, ವಿಳಾಸ ಬದಲಾಯ್ತು

"ನಾವು ಮೈಸೂರಿಗೆ ಬಂದಿದ್ದೀವಿ. ನಿಮ್ಮ ಅಂಗಡಿ ಯಾವ ರಸ್ತೆಯಲ್ಲಿದೆ ಸಾರ್? ಮದುವೆಗೆ ಏಳು ಸೀರೆ ಬೇಕಿತ್ತು."

ಈ ಮೇಲ್ ನಾನು ಓದಿದ್ದು ಅದು ಬಂದು ಹನ್ನೊಂದು ದಿನ ಆದಮೇಲೆ. ಅಂಗಡಿ ನಮ್ಮ ಚಿಕ್ಕಪ್ಪನದು. ಇರೋದು ಮೈಸೂರಲ್ಲಲ್ಲ, ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಕೊಳ್ಳೇಗಾಲದಲ್ಲಿ. ವೆಬ್‌ಸೈಟ್ ಮಾಡಿಕೊಟ್ಟ ಮಹಾನುಭಾವ ನಾನೇ. ಮನೇಲಿದ್ದ ಹಳೇ ಕೈಚೀಲದ ಮೇಲೆ 'ಮೈಸೂರು ಜಿಲ್ಲೆ' ಅಂತಿತ್ತು, ಹಾಗೇ ಟೈಪ್ ಮಾಡಿದ್ದೆ. ಫೋನ್ ನಂಬರ್ ಹಾಕಿರಲಿಲ್ಲ. ಬದಲಿಗೆ ಒಂದು ಫಾರ್ಮ್ ಇಟ್ಟಿದ್ದೆ, ಅದು ನಾನು ತೆರೆಯೋದನ್ನೇ ಬಿಟ್ಟಿದ್ದ ಮೇಲ್‌ಗೆ ಹೋಗ್ತಿತ್ತು. ತಾನಾಗೇ ಸರಿಯುವ ಐದು ಫೋಟೋ, 'ನಮ್ಮ ದೂರದೃಷ್ಟಿ' ಅನ್ನೋ ಒಂದು ಪುಟ, ಇವು ಮಾತ್ರ ಬಹಳ ಚೆನ್ನಾಗಿದ್ವು.

ದೀಪಾವಳಿಗೆ ಹನೂರು ಹತ್ತಿರದ ನಮ್ಮೂರಿಗೆ ಹೋಗುವಾಗ ಕೊಳ್ಳೇಗಾಲದಲ್ಲಿ ಇಳಿದು ತಪ್ಪು ಒಪ್ಪಿಕೊಂಡೆ. ಚಿಕ್ಕಪ್ಪ ಬಯ್ಯಲಿಲ್ಲ. ಒಳಗಿಂದ ನಮ್ಮ ತಾತನ ಬಿಲ್ ಪುಸ್ತಕ ತಂದು ಮುಂದಿಟ್ಟರು. "ಅಪ್ಪ ಇದ್ರಲ್ಲಿ ಬರ್ದಿದ್ದಷ್ಟು ನೀನೂ ಬರ್ದಿದ್ರೆ ಸಾಕಾಗಿತ್ತು ಕಪ್ಪ" ಅಂದರು.

ಪುಸ್ತಕ 1952ರದು. ಮೇಲೆ ಅಂಗಡಿ ಹೆಸರು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಇದೆ. ಕೆಳಗೆ: 'ಕೊಳ್ಳೇಗಾಲ, ಕೊಯಮತ್ತೂರು ಜಿಲ್ಲೆ'.

ಹೌದು, ಕೊಯಮತ್ತೂರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯ್ತು, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಬರೀ 15 ಕಿಲೋಮೀಟರ್ ಆಚೆಯ ಯಳಂದೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಯಳಂದೂರಿನ ನೆಂಟರು ಸೀರೆಗೆ ಕೊಳ್ಳೇಗಾಲಕ್ಕೆ ಬಂದರೆ ಸೀಮೆ ದಾಟಿ ಬಂದ ಲೆಕ್ಕ. 1956ರ ನವೆಂಬರ್ 1ಕ್ಕೆ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ತಾತ ಮಿಕ್ಕ ಹಾಳೆಗಳನ್ನ ಬಿಸಾಡಲಿಲ್ಲ. 'ಕೊಯಮತ್ತೂರು' ಮೇಲೆ ಗೀಟು ಎಳೆದು 'ಮೈಸೂರು ಜಿಲ್ಲೆ' ಅಂತ ರಬ್ಬರ್ ಸ್ಟಾಂಪ್ ಒತ್ತಿದ್ದಾರೆ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿತು. ಅಂಗಡಿ ಒಂದು ಇಂಚೂ ಅಲುಗದೆ ವಿಳಾಸ ಇಷ್ಟು ಸಲ ಬದಲಾಯ್ತು. ಪ್ರತಿ ಸಲವೂ ತಿದ್ದಿದವರು ಬರೆಯೋಕೆ ತಡಕಾಡುತ್ತಿದ್ದ ತಾತ ಮತ್ತು ಚಿಕ್ಕಪ್ಪ. ತಿದ್ದದೇ ಹೋದವನು ಬಿಇ ಓದಿದ ನಾನು.

ಗೊಂದಲ ನಮ್ಮೊಬ್ಬರದೇ ಅಲ್ಲ. ಒಂದೇ ಹೆಸರಿನ ಹತ್ತಾರು ಊರು, ಹತ್ತಾರು ಲಿಪಿಯ ವಿಳಾಸ ಅಂತ ಅಂಚೆ ಇಲಾಖೆಯೇ ತಲೆ ಕೆಡಿಸಿಕೊಂಡು 1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ತಂದಿದ್ದು. ಜಿಲ್ಲೆ ಹೆಸರು ತಪ್ಪಾಗಿದ್ದರೂ 571440 ಅಂತ ಆರು ಅಂಕಿ ಹಾಕಿದ್ದರೆ ಆ ಮದುವೆ ಮನೆಯವರು ಕೊಳ್ಳೇಗಾಲಕ್ಕೇ ಬರ್ತಿದ್ದರು.

ಬಿಲ್ಲಿನಲ್ಲಿ ಇನ್ನೂ ಏನೇನಿದೆ? ಮಾಲಿನ ಹೆಸರು, ಗಜ, ದರ, ಕೊನೆಗೆ ತಾತನ ಸಹಿ. ಅಂದರೆ ನೀನು ಯಾರು, ಎಲ್ಲಿದ್ದೀಯ, ಏನು ಮಾರ್ತೀಯ, ಎಷ್ಟಕ್ಕೆ, ನಿನ್ನನ್ನ ಯಾಕೆ ನಂಬಬೇಕು? ಗಿರಾಕಿಯ ಪ್ರಶ್ನೆ ಯಾವತ್ತೂ ಈ ಐದೇ. ಜಗತ್ತಿನ ಮೊದಲ ವೆಬ್‌ಸೈಟ್ ಕೂಡ ಹೀಗೇ ಇತ್ತು. 1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಹತ್ತಿರದ ಸರ್ನ್‌ನಲ್ಲಿ ಮಾಡಿದ ಆ ಪುಟದಲ್ಲಿ ಚಿತ್ರವೇ ಇರಲಿಲ್ಲ. ಇದು ಏನು, ಯಾರು ಮಾಡ್ತಿದ್ದಾರೆ, ನೀವು ಹೇಗೆ ಬಳಸಬಹುದು, ಇಷ್ಟೇ.

ಐದರಲ್ಲಿ ಕಷ್ಟದ್ದು ಕೊನೆಯದು. ಕೊಳ್ಳೇಗಾಲದ ಜರಿ ಅಂಚಿನ ಬಟ್ಟೆಯ ಮಾತು ಬ್ರಿಟಿಷರ ಗೆಜೆಟಿಯರ್‌ನಲ್ಲೇ ಇದೆ. ಆದರೆ ಹೆಸರು ಕೇಳಿ ಯಾರೂ ಕಾಸು ಬಿಚ್ಚಲ್ಲ. ಅಂಗಡೀಲಿ ಅನುಮಾನ ಬಂದರೆ ಚಿಕ್ಕಪ್ಪ ಒಂದು ಎಳೆ ಕಿತ್ತು ಸುಟ್ಟು ತೋರಿಸ್ತಾರೆ. ಅಪ್ಪಟ ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ. ಪರದೆ ಮೇಲೆ ಎಳೆ ಸುಡೋಕಾಗಲ್ಲ. ಅದಕ್ಕೇ 2004ರಲ್ಲಿ ಶುರುವಾದ ಸಿಲ್ಕ್ ಮಾರ್ಕ್ ಲೇಬಲ್ಲಿನ ಫೋಟೋ, ಯಾವುದು ಪೂರ್ತಿ ರೇಷ್ಮೆ ಯಾವುದು ಮಿಶ್ರ ಅನ್ನೋ ನೇರ ಮಾತು, ವಾಪಸ್ ತಗೊಳ್ಳೋ ನಿಯಮ ಬೇಕು. ರೇಷ್ಮೆ, ಜರಿಯ ದರ ಏರಿಳಿಯುತ್ತೆ ಅಂತ ಬೆಲೆ ಮುಚ್ಚಿಡಬೇಡಿ. 'ಇಷ್ಟರಿಂದ ಇಷ್ಟು' ಅಂತ ಬರೆದು ಪಕ್ಕದಲ್ಲಿ ತಾರೀಖು ಹಾಕಿ.

ಭಾಷೆ ವಿಚಾರಕ್ಕೂ ತಾತನೇ ಗುರು. ಗಿರಾಕಿ ಯಾವ ಭಾಷೆಯವರೋ ಆ ಭಾಷೆ. ಹಿಂದೆ ಕನ್ನಡದಲ್ಲಿ ವೆಬ್‌ಸೈಟ್ ಮಾಡಿದರೆ ನೋಡೋರ ಹತ್ತಿರ ಅದೇ ಫಾಂಟ್ ಇಲ್ಲದಿದ್ದರೆ ಅಕ್ಷರ ಬದಲು ಗೀಚು ಕಾಣಿಸ್ತಿತ್ತು. ಈಗ ಯೂನಿಕೋಡ್ ಇದೆ, ನೆಪ ಇಲ್ಲ.

ಇನ್ನೊಂದು ಪಾಠ ಯಳಂದೂರಿನದು. 1807ರಲ್ಲಿ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು, ಅವರ ಹೆಸರಿಗೇ. ಹಾಗಾಗಿ ಅವರ ನಂತರವೂ ಮನೆತನಕ್ಕೆ ಉಳಿಯಿತು. ಡೊಮೈನ್ ಹೆಸರೂ ಒಂಥರಾ ಜಹಗೀರೇ, ಆದರೆ ವರ್ಷ ವರ್ಷ ಕಪ್ಪ ಕಟ್ಟಬೇಕು. ಯಾರ ಹೆಸರಲ್ಲಿ ನೋಂದಣಿಯಾಗಿದೆಯೋ ಹಿಡಿತ ಅವರದು. ಮಾಡಿಕೊಟ್ಟ ಹುಡುಗನ ಹೆಸರಲ್ಲಿದ್ದರೆ ಅವನು ಮರೆತ ದಿನ ಅಂಗಡಿ ಬಾಗಿಲು ಬಿತ್ತು ಅಂತಲೇ. ನಮ್ಮದೂ ನನ್ನ ಹೆಸರಲ್ಲಿತ್ತು. ಚಿಕ್ಕಪ್ಪನ ಹೆಸರಿಗೆ ಮಾಡಿಸಿದೆ.

ಹಬ್ಬ ಮುಗಿಯೋದರೊಳಗೆ ಹೊಸ ವೆಬ್‌ಸೈಟ್ ಆಯ್ತು. ಒಂದೇ ಪುಟ. ಹೆಸರು, ವಿಳಾಸ, ಪಿನ್ ಕೋಡ್, ಮುಟ್ಟಿದರೆ ಚಿಕ್ಕಪ್ಪನಿಗೇ ಹೋಗೋ ಫೋನ್ ನಂಬರ್, ಬಾಗಿಲು ತೆಗೆಯೋ ಹೊತ್ತು, ಹನ್ನೆರಡು ಸೀರೆ, ಬೆಲೆ. ಬೆಟ್ಟದ ತಪ್ಪಲಲ್ಲಿ ಸಿಗ್ನಲ್ ಅರ್ಧಂಬರ್ಧ ಇದ್ದರೂ ತೆರೆಯಲಿ ಅಂತ ಫೋಟೋಗಳನ್ನ ಚಿಕ್ಕದು ಮಾಡಿದೆ.

ಆ ಮೇಲ್‌ಗೆ ಉತ್ತರಾನೂ ಬರೆದೆ, ಕ್ಷಮೆ ಕೇಳಿ. "ಪರವಾಗಿಲ್ಲ ಸಾರ್, ಮೈಸೂರಲ್ಲೇ ತಗೊಂಡ್ವಿ, ಮದುವೆನೂ ಮುಗೀತು" ಅಂತ ಬಂತು. ಏಳು ಸೀರೆ ಹೋಗಿದ್ದು ಹೋಯ್ತು.

ಹೊರಡುವಾಗ ಚಿಕ್ಕಪ್ಪ ಕೇಳಿದರು: "ನಾಳಿಕೆ ಮತ್ತೆ ಜಿಲ್ಲೆ ಬದಲಾದ್ರೆ ಇದ ತಿದ್ದೋರ್ ಯಾರು?" ಅವರ ಮಗಳನ್ನ ಕೂರಿಸಿ ತಿದ್ದೋದು ಹೇಗೆ ಅಂತ ಹೇಳಿಕೊಟ್ಟೆ. ಡೊಮೈನ್‌ಗೆ ಮುಂದಿನ ಸಲ ದುಡ್ಡು ಕಟ್ಟೋ ತಾರೀಖನ್ನ ಅವಳು ತಾತನ ಬಿಲ್ ಪುಸ್ತಕದ ಕೊನೇ ಹಾಳೇಲಿ ಬರೆದುಕೊಂಡಳು.